ತಲೆಯಲ್ಲಿ ಕಬ್ಬಿಣ ಜಾಸ್ತಿ, ರಕ್ತದಲ್ಲಿ ಇಲ್ಲವೇ ಇಲ್ಲ: ಒಂದು ಸಕ್ಕರೆ ಕಾಯಿಲೆ ಪ್ರಕರಣ

ಎಂಆರ್‌ಐ ರಿಪೋರ್ಟಿನ ಕೊನೆಯಲ್ಲಿ ಒಂದೇ ಒಂದು ಸಾಲು. ಮಿದುಳಿನ ಎರಡೂ ಬದಿಯ ಗ್ಲೋಬಸ್ ಪ್ಯಾಲಿಡಸ್ ಮತ್ತು ಪುಟಾಮೆನ್ ಅನ್ನುವ ಆಳದ ಗಂಟುಗಳಲ್ಲಿ ಕಬ್ಬಿಣದ ಶೇಖರಣೆ ಕಾಣುತ್ತಿದೆ, ವೈದ್ಯರನ್ನು ಕಾಣಿ. ಇಷ್ಟೇ. ಇದನ್ನು ಓದಿದ ಮೇಲೆ ಆ ಮನೆಯಲ್ಲಿ ಕಬ್ಬಿಣದ ಬಾಣಲೆ ಅಟ್ಟ ಸೇರಿತು, ಹರಿವೆ, ಬಸಳೆ, ನುಗ್ಗೆಸೊಪ್ಪು ಬಂದ್ ಆದವು, ಬಾವಿ ನೀರಿಗೆ ಹೊಸ ಫಿಲ್ಟರ್ ಬಂತು, ಜೊತೆಗೆ ಊರಿನ ಡಾಕ್ಟರು ರಕ್ತ ಕಡಿಮೆ ಇದೆ ಅಂತ ಬರೆದುಕೊಟ್ಟಿದ್ದ ಕಬ್ಬಿಣದ ಮಾತ್ರೆಯೂ ನಿಂತುಹೋಯಿತು. ಈ ಕೊನೆಯದೇ ದೊಡ್ಡ ಪೆಟ್ಟು. ಯಾಕೆ ಅಂತ ಮುಂದೆ ಹೇಳುತ್ತೇನೆ.

ರೋಗಿ 63 ವರ್ಷದ ಹೆಂಗಸು. ತೀರ್ಥಹಳ್ಳಿಯಿಂದ ಹೊಸನಗರದ ಕಡೆ ಹೋಗುವ ದಾರಿಯಲ್ಲಿ ಒಳಗೆ ಒಂದು ಹಳ್ಳಿ, ಅಡಿಕೆ ತೋಟದ ಮನೆ, ಸಸ್ಯಾಹಾರ. ಓದಿದ್ದು ಏಳನೇ ಕ್ಲಾಸು. ಸಕ್ಕರೆ ಕಾಯಿಲೆ ಬಂದು 14 ವರ್ಷ, ಬಿಪಿ ಬಂದು ಅದಕ್ಕಿಂತ ಸ್ವಲ್ಪ ಕಡಿಮೆ. ಮಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾನೆ, ಅವನೇ ನನ್ನ ಹತ್ತಿರ ಕರೆದುಕೊಂಡು ಬಂದಿದ್ದು. ಯಾರು ಅಂತ ಗೊತ್ತಾಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ತೊಂದರೆ ಶುರುವಾಗಿದ್ದು ಹಿಂದಿನ ಅಡಿಕೆ ಸುಲಿತದ ಕಾಲದಲ್ಲಿ. ಯಾರು ಎಷ್ಟು ಡಬ್ಬ ಸುಲಿದರು ಅಂತ ಲೆಕ್ಕ ಬರೆಯೋದು ಆ ಮನೆಯಲ್ಲಿ ಮೊದಲಿಂದಲೂ ಇವರದೇ ಕೆಲಸ. ಪುಸ್ತಕ ನೋಡದೆ ಬಾಯಲ್ಲೇ ಹೇಳುತ್ತಿದ್ದರಂತೆ. ಆ ವರ್ಷ ಮಾತ್ರ ಒಬ್ಬಳ ಲೆಕ್ಕ ಎರಡು ಸಲ ಬಿತ್ತು, ಇನ್ನೊಬ್ಬಳದು ಬಿಟ್ಟೇಹೋಯಿತು, ಬಟವಾಡೆ ದಿನ ಮಾತಿಗೆ ಮಾತು ಬೆಳೆಯಿತು. ಆಮೇಲೆ ಒಂದೊಂದಾಗಿ ಕಾಣಿಸತೊಡಗಿತು. ಸಾರಿಗೆ ಒಗ್ಗರಣೆ ಹಾಕಲು ಬಾಣಲೆ ಇಟ್ಟು ಮಧ್ಯೆ ಯಾರೋ ಕರೆದರೆ ಒಗ್ಗರಣೆ ಮರೆತೇಹೋಗುತ್ತಿತ್ತು. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದೂ ಆಗುತ್ತಿರಲಿಲ್ಲ. ಮಾತು ನಿಧಾನ ಆಯಿತು. ಹೆಸರು, ಮುಖ, ದಾರಿ ಯಾವುದೂ ಮರೆತಿರಲಿಲ್ಲ, ಇದನ್ನು ಗಮನಿಸಿ.

ಸೊಸೆ ಹೇಳಿದ ಒಂದು ಮಾತು ಉಳಿದೆಲ್ಲದಕ್ಕಿಂತ ಮುಖ್ಯ ಅನ್ನಿಸಿತು. "ಬೆಳಿಗ್ಗೆ ಎದ್ದಾಗ ಅತ್ತೆ ಮಂಕಾಗಿ ಕೂತಿರ್ತಾರೆ ಡಾಕ್ಟ್ರೇ, ಎಷ್ಟೋ ಸಲ ದಿಂಬೆಲ್ಲಾ ಒದ್ದೆ ಆಗಿರತ್ತೆ. ತಿಂಡಿ ತಿಂದ ಮೇಲೆ ಸರಿ ಹೋಗ್ತಾರೆ." ಮಗನ ಕಣ್ಣು ಎಂಆರ್‌ಐ ಫಿಲ್ಮ್ ಮೇಲಿತ್ತು, ಗಂಡ ಬಾವಿ ನೀರಿನ ವಿಷಯ ಹೇಳುತ್ತಿದ್ದರು, ಈ ಹುಡುಗಿ ಹಿಂದೆ ನಿಂತು ಮೆತ್ತಗೆ ಹೇಳಿದ್ದು ಇದು.

ಗಡಿಯಾರದ ಚಿತ್ರ

ನೆನಪು, ಗಮನ, ಯೋಚನೆ ಎಲ್ಲಾ ನೋಡಲು ಮೋಕಾ ಅನ್ನುವ 30 ಅಂಕದ ಪರೀಕ್ಷೆ ಮಾಡುತ್ತೇವೆ, ಕನ್ನಡದಲ್ಲೂ ಇದೆ. 26 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಸರಿ ಅಂತ ಲೆಕ್ಕ, ಓದು ಕಡಿಮೆ ಇದ್ದರೆ ಒಂದು ಅಂಕ ಸೇರಿಸಿ ಕೊಡುತ್ತೇವೆ. ಏಳನೇ ಕ್ಲಾಸಿನವರಿಗೆ ಒಂದು ಅಂಕ ಸೇರಿಸಿದರೆ ಸಾಕಾ ಅಂದರೆ ನನ್ನ ಅಭಿಪ್ರಾಯದಲ್ಲಿ ಸಾಲದು. ಹಾಗಾಗಿ ಒಟ್ಟು ಅಂಕಕ್ಕಿಂತ ಎಲ್ಲಿ ತಪ್ಪುತ್ತಾರೆ ಅನ್ನೋದನ್ನು ಜಾಸ್ತಿ ನೋಡುತ್ತೇನೆ. ಇವರಿಗೆ ಬಂದಿದ್ದು 19.

ಗಡಿಯಾರ ಬರೆಯಿರಿ ಅಮ್ಮ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದೆ. ದುಂಡು ಚೆನ್ನಾಗಿ ಬರೆದರು. ಅಂಕಿ ಹನ್ನೆರಡೂ ಅದರದರ ಜಾಗದಲ್ಲೇ ಇತ್ತು. ಆಮೇಲೆ ಒಂದು ಮುಳ್ಳು 11ಕ್ಕೆ, ಇನ್ನೊಂದು 10ಕ್ಕೆ. ಸ್ವಲ್ಪ ಹೊತ್ತು ನೋಡಿದರು, ಏನೋ ಸರಿ ಇಲ್ಲ ಅಂತ ಅವರಿಗೂ ಅನ್ನಿಸಿದೆ, ಏನು ಅಂತ ಹೊಳೆಯಲಿಲ್ಲ, ಪೆನ್ಸಿಲ್ ಇಟ್ಟುಬಿಟ್ಟರು. ಹತ್ತು ನಿಮಿಷ ಅಂದರೆ ಮುಳ್ಳು 2ರ ಮೇಲೆ ಇರಬೇಕು ಅಂತ ತಿರುಗಿಸಿ ಯೋಚನೆ ಮಾಡಬೇಕಲ್ಲ, ಆ ತಿರುಗಿಸೋ ಕೆಲಸ ಮಿದುಳಿನ ಮುಂಭಾಗದ್ದು, ಅದರ ಜೊತೆ ತಂತಿ ಹಾಕಿಕೊಂಡಿರುವ ಒಳಗಿನ ಗಂಟುಗಳದ್ದು. ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಎರಡೇ ಹೇಳಿದರು. ಆದರೆ 'ಅದೊಂದು ಬಣ್ಣ', 'ಅದೊಂದು ಹೂವು' ಅಂತ ಸುಳಿವು ಕೊಟ್ಟರೆ ಉಳಿದ ಮೂರೂ ಬಂದವು. ಅಂದರೆ ಪದ ಒಳಗೆ ಹೋಗಿದೆ, ಉಳಿದಿದೆ, ಬೇಕೆಂದಾಗ ತೆಗೆಯೋದು ಕಷ್ಟ. ಅಲ್‌ಝೈಮರ್ ಶುರುವಿನಲ್ಲಿ ಸಾಮಾನ್ಯವಾಗಿ ಸುಳಿವು ಕೊಟ್ಟರೂ ಬರೋದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಮೊದಲು ಪೆಟ್ಟು ಬೀಳೋದು ವೇಗಕ್ಕೆ, ಗಮನಕ್ಕೆ, ಒಂದರಿಂದ ಇನ್ನೊಂದಕ್ಕೆ ಹೊರಳುವುದಕ್ಕೆ. ಇವರ ಚಿತ್ರ ಅದಕ್ಕೆ ಹೊಂದುತ್ತಿತ್ತು.

ಹಾಗಾದರೆ ಎಂಆರ್‌ಐನಲ್ಲಿ ಕಂಡ ಕಬ್ಬಿಣವೇ ಕಾರಣ ಅಂತ ಹೇಳಿ ಮುಗಿಸಬಹುದಿತ್ತು. ಎಲ್ಲಾ ಸರಿಹೊಂದುತ್ತದೆ ಕೂಡ. ನನಗೆ ಅಷ್ಟು ಬೇಗ ಒಪ್ಪಲು ಮನಸ್ಸು ಬರಲಿಲ್ಲ.

ಮಿದುಳಿನ ಕಬ್ಬಿಣ ಅಂದರೆ ಏನು

ಮಿದುಳಿಗೆ ಕಬ್ಬಿಣ ಬೇಕೇ ಬೇಕು. ನರದ ತಂತಿಗಳ ಮೇಲಿನ ಮಯಲಿನ್ ಹೊದಿಕೆ ಮಾಡಲು ಬೇಕು, ನರಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ತಯಾರಾಗಲು ಬೇಕು, ಜೀವಕೋಶಕ್ಕೆ ಶಕ್ತಿ ಬರಲು ಬೇಕು. ಹುಟ್ಟಿದಾಗ ಕಡಿಮೆ ಇರುತ್ತದೆ, ವಯಸ್ಸಾದ ಹಾಗೆ ಕೆಲವು ಜಾಗದಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಸ್ವೀಡನ್ನಿನ ಹಾಲ್‌ಗ್ರೆನ್ ಮತ್ತು ಸೌರಾಂಡರ್ 1958ರಲ್ಲೇ ಸತ್ತವರ ಮಿದುಳು ಪರೀಕ್ಷೆ ಮಾಡಿ ಇದನ್ನು ಅಳೆದು ತೋರಿಸಿದರು. ಗ್ಲೋಬಸ್ ಪ್ಯಾಲಿಡಸ್‌ನಲ್ಲಿ 100 ಗ್ರಾಂಗೆ ಸುಮಾರು 21 ಮಿಲಿಗ್ರಾಂ, ಮಿದುಳಿನಲ್ಲೇ ಅತಿ ಹೆಚ್ಚು. ಆ ಭಾಗದಲ್ಲಿ ಮೂವತ್ತು ವರ್ಷದೊಳಗೇ ಬಹುಪಾಲು ತುಂಬಿಬಿಡುತ್ತದೆ. ಹಾಗಾಗಿ 63ರ ಹೆಂಗಸಿನ ಗ್ಲೋಬಸ್ ಪ್ಯಾಲಿಡಸ್ ಎಂಆರ್‌ಐನಲ್ಲಿ ಕಪ್ಪಾಗಿ ಕಂಡರೆ ಅದು ತಲೆಗೂದಲು ಬೆಳ್ಳಗಾಗಿದೆ ಅಂದಷ್ಟೇ ಸುದ್ದಿ. ಪುಟಾಮೆನ್ ಹಾಗಲ್ಲ, ಅದು ನಿಧಾನಕ್ಕೆ ತುಂಬುತ್ತದೆ, ಅಲ್ಲಿ ವಯಸ್ಸಿಗೆ ಮೀರಿ ಕಪ್ಪಿದ್ದರೆ ಒಂದು ಸಲ ನಿಂತು ನೋಡಬೇಕು.

ಇನ್ನೊಂದು ವಿಷಯ. ಕಬ್ಬಿಣ ತೋರಿಸುವ ಎಸ್‌ಡಬ್ಲ್ಯುಐ ಅನ್ನುವ ಎಂಆರ್‌ಐ ಚಿತ್ರದಲ್ಲಿ ಸುಣ್ಣದ ಅಂಶವೂ ಕಪ್ಪಾಗಿಯೇ ಕಾಣುತ್ತದೆ, ಹಳೇ ಸಣ್ಣ ರಕ್ತಸ್ರಾವವೂ ಕಪ್ಪು. ಫೇಸ್ (phase) ಚಿತ್ರ ಅಂತ ಅದರ ಜೊತೆಗೇ ಬರುತ್ತದೆ, ಅದನ್ನು ನೋಡಿದರೆ ಕಬ್ಬಿಣವಾ ಸುಣ್ಣವಾ ಅಂತ ಬೇರೆ ಮಾಡಬಹುದು. ರೇಡಿಯಾಲಜಿಸ್ಟ್ ಜೊತೆ ಕೂತು ಫಿಲ್ಮ್ ಮತ್ತೆ ನೋಡಿದಾಗ ಕಬ್ಬಿಣವೇ ಅಂತಾಯಿತು, ಪುಟಾಮೆನ್ ವಯಸ್ಸಿಗಿಂತ ಸ್ವಲ್ಪ ಜಾಸ್ತಿ ಕಪ್ಪು ಅನ್ನೋದೂ ಸರಿ. ಜೊತೆಗೆ ಸಣ್ಣ ರಕ್ತನಾಳಗಳ ಕಾಯಿಲೆಯ ಬಿಳಿ ಚುಕ್ಕೆಗಳು ಅಲ್ಲಲ್ಲಿ ಇದ್ದವು, ಅವುಗಳ ಬಗ್ಗೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ! ಹುಟ್ಟಿನಿಂದ ಬರುವ ಕಬ್ಬಿಣ ಶೇಖರಣೆಯ ಕಾಯಿಲೆಗಳೂ ಇವೆ, ಅವು ಅಪರೂಪ, ಅದರಲ್ಲಿ ನಡಿಗೆ, ಕೈಕಾಲು ಸೊಟ್ಟಗಾಗುವುದು ಎಲ್ಲಾ ಇರುತ್ತದೆ. ಇವರಿಗೆ ಅದ್ಯಾವುದೂ ಇರಲಿಲ್ಲ.

ಸಕ್ಕರೆ ಕಾಯಿಲೆಗೂ ಮಿದುಳಿನ ಕಬ್ಬಿಣಕ್ಕೂ ನಂಟು ಇದೆಯಾ? ಇದೆ. ಕ್ಯೂಎಸ್‌ಎಂ ಅನ್ನುವ ವಿಧಾನದಲ್ಲಿ ಕಬ್ಬಿಣ ಎಷ್ಟಿದೆ ಅಂತ ಅಂಕಿಯಲ್ಲೇ ಅಂದಾಜು ಮಾಡಬಹುದು. ಈ ವಿಧಾನದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯವರನ್ನು ನೋಡಿದ ಅಧ್ಯಯನಗಳಲ್ಲಿ ಪುಟಾಮೆನ್, ಕಾಡೇಟ್ ಇಂಥ ಭಾಗಗಳಲ್ಲಿ ಕಬ್ಬಿಣ ಜಾಸ್ತಿ ಸಿಕ್ಕಿದೆ, ಜಾಸ್ತಿ ಇದ್ದವರಿಗೆ ಮೋಕಾದಂಥ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿದೆ. ಹೇಗೆ ತುಂಬುತ್ತದೆ ಅನ್ನೋದಕ್ಕೆ ಹಲವು ದಾರಿ ಇವೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸಡಿಲ ಆಗುತ್ತದೆ. ರಕ್ತದಲ್ಲಿ ಕಬ್ಬಿಣ ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್‌ಗೆ ಸಕ್ಕರೆ ಅಂಟಿದರೆ ಅದರ ಹಿಡಿತ ಕಡಿಮೆಯಾಗುತ್ತದೆ. ಒಳಗೊಳಗೇ ಇರುವ ಉರಿಯೂತದಿಂದ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರುತ್ತದೆ, ಅದು ಜೀವಕೋಶದಿಂದ ಕಬ್ಬಿಣ ಹೊರಗೆ ಹೋಗುವ ಫೆರೊಪೋರ್ಟಿನ್ ಅನ್ನುವ ಬಾಗಿಲನ್ನೇ ಕಿತ್ತುಹಾಕುತ್ತದೆ. ಬರೋದು ಬರುತ್ತದೆ, ಹೋಗೋದು ಹೋಗಲ್ಲ.

ಕಬ್ಬಿಣ ಕೂಡಿಡುವ ಫೆರಿಟಿನ್ ಅನ್ನುವ ಪ್ರೋಟೀನ್ ಒಳಗೆ ಭದ್ರವಾಗಿ ಕೂತ ಕಬ್ಬಿಣದಿಂದ ಅಷ್ಟೇನೂ ಅಪಾಯ ಇಲ್ಲ. ಬಿಡಿಯಾಗಿ ಓಡಾಡುವ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಕಷ್ಟ. ಫೆಂಟನ್ ಅನ್ನುವ ರಸಾಯನ ವಿಜ್ಞಾನಿ 1894ರಲ್ಲಿ ವರದಿ ಮಾಡಿದ ಪ್ರತಿಕ್ರಿಯೆ ಇದು, ಅದರಿಂದ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಸಿಕ್ಕಿದ್ದನ್ನೆಲ್ಲ ಸುಡುತ್ತದೆ, ಅದರಲ್ಲೂ ಜೀವಕೋಶದ ಕೊಬ್ಬಿನ ಪೊರೆಯನ್ನು. ಹೀಗೆ ಕಬ್ಬಿಣದ ದೆಸೆಯಿಂದ ಕೊಬ್ಬು ಕೆಟ್ಟು ಜೀವಕೋಶ ಸಾಯುವುದಕ್ಕೆ 2012ರಲ್ಲಿ ಫೆರೊಪ್ಟೋಸಿಸ್ ಅಂತ ಹೆಸರಿಟ್ಟರು. ಇಲಿಗಳಲ್ಲಿ ಸಕ್ಕರೆ ಕಾಯಿಲೆ ತರಿಸಿ ನೋಡಿದಾಗ ಇದು ಕಾಣುತ್ತದೆ. ಮನುಷ್ಯರಲ್ಲಿ ನಮ್ಮ ಹತ್ತಿರ ಇರೋದು ಹೆಚ್ಚಾಗಿ ಒಂದು ಸಲ ತೆಗೆದ ಚಿತ್ರ, ಒಂದು ಸಲ ಮಾಡಿದ ಪರೀಕ್ಷೆ. ಎರಡೂ ಒಟ್ಟಿಗೆ ಇವೆ ಅನ್ನೋದು ಗೊತ್ತು. ಕಬ್ಬಿಣ ಬಂದಿದ್ದಕ್ಕೆ ಮಿದುಳು ಕೆಟ್ಟಿತೋ, ಕೆಟ್ಟ ಜಾಗಕ್ಕೆ ಕಬ್ಬಿಣ ಬಂದು ಕೂತಿತೋ, ಅದು ಇದರಿಂದ ತೀರ್ಮಾನ ಆಗಲ್ಲ.

ರಕ್ತದ ರಿಪೋರ್ಟ್ ಹೇಳಿದ ಕಥೆ

ಹಿಮೋಗ್ಲೋಬಿನ್ 8.9. ಫೆರಿಟಿನ್ 8. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ಅದರಲ್ಲಿ ಕಬ್ಬಿಣ ತುಂಬಿರುವ ಪಾಲು, ಶೇ 7. ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ. ಕಬ್ಬಿಣ ಜಾಸ್ತಿ ಆಗುವ ಕಾಯಿಲೆ ಇದ್ದರೆ ಈ ಸ್ಯಾಚುರೇಷನ್ ಶೇ 45 ದಾಟಿರಬೇಕಿತ್ತು.

ಮಗನಿಗೆ ನಂಬಲಾಗಲಿಲ್ಲ. "ತಲೇಲಿ ತುಂಬಿದೆ ಅಂತಾರೆ, ನೀವು ಖಾಲಿ ಅಂತೀರಿ, ಯಾವುದು ಸರಿ ಸಾರ್?" ಎರಡೂ ಸರಿ. ಅಟ್ಟದಲ್ಲಿ ಅಡಿಕೆ ಮೂಟೆ ತುಂಬಿದ್ದರೂ ಶನಿವಾರ ಕೂಲಿ ಬಟವಾಡೆಗೆ ಕೈಯಲ್ಲಿ ಕಾಸಿಲ್ಲದ ಪರಿಸ್ಥಿತಿ ಅವರ ಮನೆಗೇನೂ ಹೊಸದಲ್ಲ, ಹಾಗಾಗಿ ಅಪ್ಪನಿಗೆ ತಕ್ಷಣ ಅರ್ಥವಾಯಿತು, ಮಗನಿಗೆ ಆಮೇಲೆ. ಮಿದುಳು ತನ್ನ ಕಬ್ಬಿಣದ ಲೆಕ್ಕವನ್ನು ಬೇರೆಯೇ ಇಟ್ಟುಕೊಳ್ಳುತ್ತದೆ. ರಕ್ತದ ಫೆರಿಟಿನ್ ನೋಡಿ ಮಿದುಳಿನಲ್ಲಿ ಎಷ್ಟಿದೆ ಅಂತ ಹೇಳಲು ಆಗಲ್ಲ. ಕಾಲು ಸುಮ್ಮನಿರದೆ ರಾತ್ರಿಯಿಡೀ ಒದ್ದಾಡುವ ಒಂದು ಕಾಯಿಲೆ ಇದೆ, ಅದರಲ್ಲಿ ಇದರ ಉಲ್ಟಾ, ರಕ್ತದಲ್ಲಿ ಸರಿಯಿದ್ದರೂ ಮಿದುಳಿನಲ್ಲಿ ಕೊರತೆ. ಹುಟ್ಟಿನಿಂದಲೇ ಕರುಳು ಕಬ್ಬಿಣವನ್ನು ಮಿತಿಮೀರಿ ಹೀರುವ ಹಿಮೋಕ್ರೊಮಾಟೋಸಿಸ್ ಇದ್ದವರ ಮಿದುಳಿನಲ್ಲೂ ಜಾಸ್ತಿ ಕಾಣುತ್ತದೆ ಅಂತ 2022ರಲ್ಲಿ ಬ್ರಿಟನ್ನಿನ ಬಯೋಬ್ಯಾಂಕ್ ಮಾಹಿತಿಯಿಂದ ತೋರಿಸಿದ್ದಾರೆ. ಅದು ಯುರೋಪಿನವರಲ್ಲಿ ಸಾಮಾನ್ಯ, ನಮ್ಮಲ್ಲಿ ಆ ಜೀನ್ ಬದಲಾವಣೆ ತೀರಾ ಅಪರೂಪ. ಬಾಣಲೆಯಿಂದ, ಸೊಪ್ಪಿನಿಂದ, ಜಂಬಿಟ್ಟಿಗೆ ನೆಲದ ಕೆಂಪು ಬಾವಿ ನೀರಿನಿಂದ ಹೀಗಾಗಲ್ಲ. ಆರೋಗ್ಯವಂತರ ಕರುಳು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ ಒಳಗೆ ಬಿಡುತ್ತದೆ. (ಆ ಮನೆಯವರ ಭಾವ ಒಬ್ಬರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದವರಂತೆ, ಅವರ ತಲೆಗೂ ಎಂಆರ್‌ಐ ಮಾಡಿಸಬೇಕಾ ಅಂತ ಕೇಳಿದರು. ಬೇಡ. ವೆಲ್ಡಿಂಗ್ ಹೊಗೆಯಲ್ಲಿ ಮ್ಯಾಂಗನೀಸ್ ಇರುತ್ತದೆ, ಆ ಲೋಹ ಮಿದುಳಿಗೆ ಸೇರಬಹುದು, ಅದು ಬೇರೆ ವಿಷಯ, ಅವರು ವೆಲ್ಡರ್ ಅಲ್ಲ.)

ಇನ್ನು ಮೂರು ತಿಂಗಳ ಶುಗರ್ ಅಂತ ಜನ ಕರೆಯುವ ಎಚ್‌ಬಿಎ1ಸಿ. ಅದು 8.1 ಇತ್ತು. ಅದನ್ನು ನೋಡಿ ಒಂದು ಕಡೆ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ದಿನಕ್ಕೆ ಎರಡು ಸಲ ಮಾಡಿದ್ದರು. ಆದರೆ ಮನೆಯಲ್ಲಿ ಸೊಸೆ ಗ್ಲುಕೋಮೀಟರ್‌ನಲ್ಲಿ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದ ಅಂಕಿಗಳ ಸರಾಸರಿ 145ರ ಆಸುಪಾಸು. 8.1ಕ್ಕೆ ಸರಾಸರಿ 186 ಇರಬೇಕು. ಲೆಕ್ಕ ತಾಳೆಯಾಗಲ್ಲ, ಅಲ್ವಾ?

ಇಲ್ಲೇ ಇಡೀ ಪ್ರಕರಣದ ಗಂಟು ಇರೋದು. ಕಬ್ಬಿಣ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಹೊಸ ರಕ್ತಕಣ ಹುಟ್ಟೋದು ಕಡಿಮೆಯಾಗಿ ಹಳೇ ಕಣಗಳ ಪಾಲು ಜಾಸ್ತಿಯಾಗುತ್ತದೆ, ಹಳೇ ಕಣಕ್ಕೆ ಸಕ್ಕರೆ ಜಾಸ್ತಿ ದಿನ ಅಂಟಿರುತ್ತದೆ. ಇದು ಪುಸ್ತಕದಲ್ಲಿ ಇರುವ ವಿಷಯವೇ, ಗಡಿಬಿಡಿಯ ಒಪಿಡಿಯಲ್ಲಿ ಯಾರಿಗೂ ನೆನಪಾಗಲ್ಲ. ಆದರೆ ನಮ್ಮ ದೇಶದಲ್ಲಿ ನೆನಪಾಗಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ, 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆ ಇರೋರು 10 ಕೋಟಿಗೂ ಜಾಸ್ತಿ. ಎರಡೂ ಒಬ್ಬರಲ್ಲೇ ಇರೋದು ಎಷ್ಟು ಮನೆಯಲ್ಲಿ ಇರಬಹುದು, ನೀವೇ ಯೋಚನೆ ಮಾಡಿ.

ಹಾಗೆ, ಸುಳ್ಳು ಏರಿದ ಅಂಕಿಗೆ ನಿಜವಾದ ಮಾತ್ರೆ ಜಾಸ್ತಿಯಾಯಿತು. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ 1.2, ಕೇಳಲು ಪರವಾಗಿಲ್ಲ ಅನ್ನಿಸುತ್ತದೆ, ಈ ವಯಸ್ಸಿನ ಹೆಂಗಸಿಗೆ ಕಿಡ್ನಿ ಸೋಸುವ ಶಕ್ತಿ 51ರ ಹತ್ತಿರ, ಅಂದರೆ ಕಡಿಮೆ ಅಂತ ಅರ್ಥ, ಮಾತ್ರೆಯ ಪ್ರಭಾವ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ರಾತ್ರಿ ಊಟ ಏಳೂವರೆಗೆ ಒಂದು ಲೋಟ ಗಂಜಿ, ಹೊಟ್ಟೆ ಭಾರ ಆಗುತ್ತೆ ಅಂತ. ರಾತ್ರಿ ಮೂರು ಗಂಟೆಗೆ ಒಂದು ಸಲ ಶುಗರ್ ನೋಡಿ ಅಂತ ಹೇಳಿ ಕಳಿಸಿದೆ. ಮಾರನೇ ದಿನವೇ ಫೋನ್ ಬಂತು, 58. ಇನ್ನೊಂದು ರಾತ್ರಿ 54. ದಿಂಬು ಒದ್ದೆಯಾಗುತ್ತಿದ್ದದ್ದು ಇದಕ್ಕೆ.

ಶುಗರ್ ಲೋ ಆಗೋದು ಮಿದುಳಿಗೆ ಸಣ್ಣ ವಿಷಯ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 16,667 ವಯಸ್ಸಾದ ಟೈಪ್ 2 ರೋಗಿಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೋ ಆಗಿ ಆಸ್ಪತ್ರೆಗೆ ಬರುವಷ್ಟು ಆದವರಿಗೆ ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ ಇತ್ತು. ಹಾಗಂತ ಶುಗರ್ ಗಟ್ಟಿಯಾಗಿ ಹಿಡಿದರೆ ಬುದ್ಧಿ ಉಳಿಯುತ್ತಾ? ಅಕಾರ್ಡ್-ಮೈಂಡ್ ಅನ್ನುವ ದೊಡ್ಡ ಪ್ರಯೋಗದಲ್ಲಿ 40 ತಿಂಗಳು ಬಿಗಿಯಾಗಿ ಹಿಡಿದು ನೋಡಿದರು, 2011ರಲ್ಲಿ ಫಲಿತಾಂಶ ಬಂತು, ಯೋಚನಾ ಶಕ್ತಿಯಲ್ಲಿ ಏನೂ ಲಾಭ ಕಾಣಲಿಲ್ಲ.

ಇನ್ನೂ ಒಂದು ಬಾಕಿ ಇತ್ತು. ಕಬ್ಬಿಣ ಇಷ್ಟು ಕಡಿಮೆ ಇದ್ದರೆ ರಕ್ತಕಣ ಸಣ್ಣದಾಗಬೇಕು. ಇವರ ಎಂಸಿವಿ 84, ಅಂದರೆ ಮಾಮೂಲಿ ಗಾತ್ರ. ಕಣಗಳ ಗಾತ್ರದ ಏರುಪೇರು ಹೇಳುವ ಆರ್‌ಡಿಡಬ್ಲ್ಯು ಮಾತ್ರ 19, ಅಂದರೆ ಜಾಸ್ತಿ. ಸಣ್ಣ ಮಾಡುವ ಕಬ್ಬಿಣ ಕೊರತೆ, ದೊಡ್ಡ ಮಾಡುವ ಬಿ12 ಕೊರತೆ ಎರಡೂ ಇದ್ದರೆ ಸರಾಸರಿ ಮಾಮೂಲಿ ಬರುತ್ತದೆ. ಬಿ12 ನೋಡಿಸಿದೆ, 160, ಕಡಿಮೆ. ಸಸ್ಯಾಹಾರ, ಅದರ ಮೇಲೆ 14 ವರ್ಷ ಮೆಟ್‌ಫಾರ್ಮಿನ್. ಮೆಟ್‌ಫಾರ್ಮಿನ್ ಒಳ್ಳೆ ಮಾತ್ರೆ, ಬಿಡಿಸಬೇಕಾಗಿಲ್ಲ, ಆದರೆ ಬಿ12 ಹೀರೋದನ್ನು ಕಡಿಮೆ ಮಾಡುತ್ತದೆ. ಬಿ12 ಕಡಿಮೆಯಾದರೂ ಮಂಕು, ಮರೆವು ಬರುತ್ತದೆ. ಥೈರಾಯ್ಡ್ ಸರಿಯಿತ್ತು.

63ರ ಹೆಂಗಸಿಗೆ ಕಬ್ಬಿಣ ಯಾಕೆ ಖಾಲಿಯಾಯಿತು ಅನ್ನೋದನ್ನು ಹುಡುಕದೆ ಮಾತ್ರೆ ಕೊಟ್ಟು ಕಳಿಸಬಾರದು, ಈ ವಯಸ್ಸಿನಲ್ಲಿ ಹೊಟ್ಟೆ ಕರುಳಿನ ಒಳಗೆ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು. ಕೇಳಿದರೆ ಮಂಡಿ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ, ತೋಟದ ಕೆಲಸ ಇರುವ ದಿನ ತಪ್ಪದೆ. ಜೊತೆಗೆ ಆಸ್ಪಿರಿನ್. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಒಳಪದರ ಅಲ್ಲಲ್ಲಿ ಕಿತ್ತು ರಕ್ತ ಜಿನುಗುತ್ತಿತ್ತು. ದೊಡ್ಡ ಕರುಳು ಸರಿಯಿತ್ತು. ಊಟ ಆದ ತಕ್ಷಣ ಕಾಫಿ ಕುಡಿಯೋದೂ ಕಬ್ಬಿಣಕ್ಕೆ ಅಡ್ಡ, ಆದರೆ ಮಲೆನಾಡಿನಲ್ಲಿ ಅದನ್ನು ಬಿಡಿ ಅನ್ನೋ ಧೈರ್ಯ ನನಗಿಲ್ಲ, ಒಂದು ಗಂಟೆ ತಡ ಮಾಡಿ ಅಂದೆ.

ಕಬ್ಬಿಣ ಕೊಡೋದಾ, ತೆಗೆಯೋದಾ

ಮಗ ಬರುವಾಗಲೇ ತಯಾರಾಗಿ ಬಂದಿದ್ದ. ಕೀಲೇಷನ್ ಅಂತ ಇದೆ, ಔಷಧಿ ಕೊಟ್ಟು ಕಬ್ಬಿಣ ಹಿಡಿದು ಹೊರಗೆ ಹಾಕುತ್ತಾರೆ, ಬೆಂಗಳೂರಿನಲ್ಲಿ ಮಾಡ್ತಾರಂತೆ. ಇಲ್ಲದಿದ್ದರೆ ಆಗಾಗ ರಕ್ತದಾನ ಮಾಡಿಸಿದರೆ ಆಗುತ್ತಾ? ಹಿಮೋಗ್ಲೋಬಿನ್ 8.9 ಇರುವ ತಾಯಿಯ ರಕ್ತದಾನ! ಪ್ರೀತಿಯಿಂದ ಕೇಳಿದ್ದು, ಬೈಯಲಾಗಲ್ಲ.

ಕೀಲೇಷನ್ ಯೋಚನೆ ಮಗನೊಬ್ಬನದಲ್ಲ. ವಿಜ್ಞಾನಿಗಳಿಗೂ ಅದೇ ಹೊಳೆದಿತ್ತು. ಡೆಫೆರಿಪ್ರೋನ್ ಅನ್ನುವ ಮಾತ್ರೆ ಮಿದುಳಿನೊಳಗೆ ಹೋಗಿ ಕಬ್ಬಿಣ ಹಿಡಿಯಬಲ್ಲದು, ಪದೇ ಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ಕಬ್ಬಿಣ ತುಂಬುವ ಥಲಸ್ಸೀಮಿಯಾ ಮಕ್ಕಳಿಗೆ ಬಹಳ ವರ್ಷದಿಂದ ಕೊಡುತ್ತಿದ್ದಾರೆ. ಪಾರ್ಕಿನ್ಸನ್ ಕಾಯಿಲೆಯ 372 ಜನರ ಮೇಲೆ 36 ವಾರ ಇದನ್ನು ಪರೀಕ್ಷೆ ಮಾಡಿದರು, 2022ರಲ್ಲಿ ಪ್ರಕಟವಾಯಿತು. ಮಿದುಳಿನ ಕಬ್ಬಿಣವೇನೋ ಇಳಿಯಿತು. ರೋಗಿಗಳ ಸ್ಥಿತಿ ಮಾತ್ರ, ಬರೀ ಸಕ್ಕರೆ ಗುಳಿಗೆಯಂಥ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಕೆಟ್ಟಿತು. ಅಲ್‌ಝೈಮರ್‌ನಲ್ಲಿ ಒಂದು ವರ್ಷ ಕೊಟ್ಟು ನೋಡಿದ ಇನ್ನೊಂದು ಪ್ರಯೋಗ 2024ರಲ್ಲಿ ಬಂತು, ಅಲ್ಲೂ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಕಬ್ಬಿಣ ಇಳಿದು ಬುದ್ಧಿಶಕ್ತಿ ಇನ್ನೂ ಬೇಗ ಕುಸಿಯಿತು. ಕಪ್ಪು ಕಂಡದ್ದೆಲ್ಲ ಕಸ ಅಲ್ಲ. ಅದರಲ್ಲಿ ಮಿದುಳು ಉಪಯೋಗಿಸುತ್ತಿರುವ ಕಬ್ಬಿಣವೂ ಇದೆ, ಔಷಧಿಗೆ ಅದು ಇದು ಅಂತ ಭೇದ ಗೊತ್ತಾಗಲ್ಲ. ಸಕ್ಕರೆ ಕಾಯಿಲೆಯವರ ಮಿದುಳಿನ ಕಬ್ಬಿಣಕ್ಕೆ ಅಂತ ಇವತ್ತು ಕೊಡಬಹುದಾದ ಔಷಧಿ ಇಲ್ಲ. ಇದೆ ಅಂತ ಯಾರಾದರೂ ಡಿಟಾಕ್ಸ್ ಪ್ಯಾಕೇಜ್ ಮಾರಿದರೆ ದುಡ್ಡು ಉಳಿಸಿಕೊಳ್ಳಿ.

ಹಾಗಾಗಿ ಇವರಿಗೆ ಕಬ್ಬಿಣ ಕೊಡೋದೇ ಸರಿ ಅಂತ ತೀರ್ಮಾನಿಸಿದೆ. ಕೊರತೆಯಿಂದಲೂ ಗಮನ, ಯೋಚನೆ ಕುಗ್ಗುತ್ತದೆ, ಹಿಮೋಗ್ಲೋಬಿನ್ 8.9ರಲ್ಲಿ ಮಿದುಳಿಗೆ ಸಿಗುವ ಆಮ್ಲಜನಕವೂ ಕಮ್ಮಿ. ರಕ್ತನಾಳದ ಮೂಲಕ ಒಂದೇ ಸಲ ಸುರಿಯಲಿಲ್ಲ, ಬಾಯಿಂದಲೇ, ದಿನ ಬಿಟ್ಟು ದಿನ ಒಂದು ಮಾತ್ರೆ. ದಿನಾ ಕೊಡದಿರಲು ಕಾರಣ ಇದೆ. ಒಂದು ಡೋಸ್ ತೆಗೆದುಕೊಂಡರೆ ಹೆಪ್ಸಿಡಿನ್ ಏರಿ ಮಾರನೇ ದಿನದ ಮಾತ್ರೆಯನ್ನು ಕರುಳು ಸರಿಯಾಗಿ ಹೀರಲ್ಲ, ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಹೊಟ್ಟೆ ಉರಿಯೂ ಕಡಿಮೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿದೆ.

ಉಳಿದದ್ದು ಚಿಕ್ಕದಾಗಿ. ಗ್ಲಿಮೆಪಿರೈಡ್ ಪೂರ್ತಿ ನಿಲ್ಲಿಸಿದೆ, ಅದರ ಬದಲು ಲೋ ಮಾಡದ, ಕಿಡ್ನಿಗೂ ಹೊಂದುವ ಲಿನಾಗ್ಲಿಪ್ಟಿನ್. ಮೆಟ್‌ಫಾರ್ಮಿನ್ ಮುಂದುವರಿಯಿತು. ಬಿ12 ಇಂಜೆಕ್ಷನ್. ನೋವಿನ ಮಾತ್ರೆ ಬಂದ್, ಮಂಡಿಗೆ ವ್ಯಾಯಾಮ ಮತ್ತು ಪ್ಯಾರಾಸಿಟಮಾಲ್. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಯಾವುದೂ ಆಗಿರದ ಕಾರಣ ಆಸ್ಪಿರಿನ್ ಬೇಡ ಅಂದೆ. ಬಿಪಿ 160ರ ಹತ್ತಿರ ಇತ್ತು, ಬಿಳಿ ಚುಕ್ಕೆಗಳಿಗೆ ದೊಡ್ಡ ಕಾರಣಗಳಲ್ಲಿ ಅದೊಂದು, ಅದಕ್ಕೆ ಔಷಧಿ ಸರಿ ಮಾಡಿದೆ. ಬಾಣಲೆ ಅಟ್ಟದಿಂದ ಇಳಿಸಿ, ಸೊಪ್ಪು ತಿನ್ನಿ. ರಾತ್ರಿ ಗಂಜಿ ಜೊತೆ ಹೆಸರುಕಾಳಿನ ಪಲ್ಯವೋ ಏನೋ ಗಟ್ಟಿ ಇರಲಿ.

ಆಮೇಲೆ

ಬೆಳಗಿನ ಮಂಕು ಒಂದು ವಾರದೊಳಗೆ ಹೋಯಿತು. ಇದು ಕಬ್ಬಿಣದಿಂದಲ್ಲ, ಬಿ12ರಿಂದಲೂ ಅಲ್ಲ, ಅಷ್ಟು ಬೇಗ ಅವು ಕೆಲಸ ಮಾಡಲ್ಲ, ಗ್ಲಿಮೆಪಿರೈಡ್ ನಿಲ್ಲಿಸಿದ್ದಕ್ಕೆ. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11.8. ಎಚ್‌ಬಿಎ1ಸಿ 7.3, ಮಾತ್ರೆ ಕಡಿಮೆ ಮಾಡಿದ ಮೇಲೆ! ಮನೆಯ ಗ್ಲುಕೋಮೀಟರ್ ಸರಾಸರಿ 155, ಈಗ ಎರಡೂ ತಾಳೆಯಾಗುತ್ತಿದ್ದವು. ಒಂದು ಎಚ್ಚರ ಹೇಳಿಬಿಡುತ್ತೇನೆ, ಕಬ್ಬಿಣ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಹೊಸ ರಕ್ತಕಣ ಒಮ್ಮೆಗೇ ಜಾಸ್ತಿ ಹುಟ್ಟಿ ಎಚ್‌ಬಿಎ1ಸಿ ನಿಜಕ್ಕಿಂತ ಕಡಿಮೆಯೂ ತೋರಿಸಬಹುದು, ಆ ಸಮಯದಲ್ಲಿ ಅದನ್ನು ನಂಬಿ ಏನೂ ಬದಲಿಸಬಾರದು, ಬೆರಳು ಚುಚ್ಚಿ ನೋಡಿದ ಅಂಕಿಯೇ ಲೆಕ್ಕ.

ಎಂಟು ತಿಂಗಳಿಗೆ ಮೋಕಾ ಮತ್ತೆ ಮಾಡಿದೆ. 24. ಗಡಿಯಾರದ ಮುಳ್ಳು ಈ ಸಲ 11ಕ್ಕೂ 2ಕ್ಕೂ ಹೋಯಿತು. ಪದ ನಾಲ್ಕು ಬಂದವು. ಒಂದು ನಿಮಿಷದಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಪದ ಹೇಳಿ ಅಂದರೆ ಇನ್ನೂ ತಡವರಿಸುತ್ತಾರೆ, ನೂರರಿಂದ ಏಳೇಳು ಕಳೆಯೋದು ಮೂರನೇ ಹೆಜ್ಜೆಗೆ ನಿಲ್ಲುತ್ತದೆ. ಪರೀಕ್ಷೆ ಎರಡನೇ ಸಲ ಆಗಿದ್ದರಿಂದ ಒಂದೆರಡು ಅಂಕ ಅಭ್ಯಾಸದಿಂದಲೂ ಬಂದಿರಬಹುದು. ಮನೆಯವರ ಪ್ರಕಾರ ಮುಕ್ಕಾಲು ಪಾಲು ಮೊದಲಿನ ಹಾಗೆ.

ಉಳಿದ ಕಾಲು ಭಾಗ ಪುಟಾಮೆನ್‌ನ ಕಬ್ಬಿಣದ್ದೋ, ಬಿಳಿ ಚುಕ್ಕೆಗಳದ್ದೋ, 14 ವರ್ಷದ ಸಕ್ಕರೆಯದ್ದೋ ಅಂತ ಪಾಲು ಹಾಕಲು ಒಬ್ಬ ರೋಗಿಯಲ್ಲಿ ಸಾಧ್ಯವಿಲ್ಲ, ನಾನು ಹಾಕಲೂ ಹೋಗಲ್ಲ. ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಆ ರಿಪೋರ್ಟಿನ ಸಾಲು ಸುಳ್ಳಾಗಿರಲಿಲ್ಲ, ಆದರೆ ಸರಿಪಡಿಸಬಹುದಾದ ಎಲ್ಲವೂ ಅದರ ಹೊರಗಿತ್ತು.

ಮಗ ಹೋದ ಸಲ ಬಂದಾಗ ಕೇಳಿದ್ದು, ಕಬ್ಬಿಣ ಕಡಿಮೆ ಆಗಿದೆಯಾ ನೋಡಲು ಇನ್ನೊಂದು ಎಂಆರ್‌ಐ ಮಾಡಿಸೋಣವಾ ಅಂತ. ಬೇಡ ಅಂದೆ. ಕಣ್ಣಳತೆಯಲ್ಲಿ ಒಂದು ವರ್ಷದ ವ್ಯತ್ಯಾಸ ಗೊತ್ತಾಗಲ್ಲ, ಗೊತ್ತಾದರೂ ಅದನ್ನು ನೋಡಿ ಬದಲಿಸಲು ನನ್ನ ಕೈಯಲ್ಲಿ ಮಾತ್ರೆ ಇಲ್ಲ. ಆ ದುಡ್ಡಿಗೆ ಅಮ್ಮನ ಕಿವಿ ತೋರಿಸಿ ಅಂದೆ, ಕೊನೇ ಸಲ ಬಂದಾಗ ನಾನು ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಫೆರಿಟಿನ್ 50 ದಾಟಿದ ಮೇಲೆ ಕಬ್ಬಿಣದ ಮಾತ್ರೆ ನಿಲ್ಲಿಸುತ್ತೇವೆ, ಆರು ತಿಂಗಳಿಗೊಮ್ಮೆ ಫೆರಿಟಿನ್, ವರ್ಷಕ್ಕೊಮ್ಮೆ ಬಿ12 ಮತ್ತು ಮೋಕಾ, ಬಿಪಿ ಮನೆಯಲ್ಲೇ.